ಹಿರಿಯರ ಸಭೆಗೆ ಹೊಸಬಳಾಗಿ



ಮಗಳ ಬಾಣಂತನಕ್ಕೆಂದು ಅಮೆರಿಕದ ಮೇರಿಲ್ಯಾಂಡ್ ರಾಜ್ಯಕ್ಕೆ ಹೋಗಿ ಐದು ತಿಂಗಳು ಇದ್ದು ಬಂದೆ. ಹೋದಾಗ ಚಳಿಗಾಲ. ಬಾಣಂತಿ, ಕೂಸು, ಎಣ್ಣೆನೀರು, ಅಡಿಗೆ, ಇಷ್ಟರಲ್ಲೇ ದಿನ ಕಳೆಯುತ್ತಿತ್ತು. ಭಾನುವಾರ ಬಂತೆಂದರೆ ಮಾತ್ರ ಮನಸ್ಸು ಧಾರವಾಡಕ್ಕೆ ಓಡುತ್ತಿತ್ತು. ಬುದ್ಧಿ ಬಂದಾಗಿನಿಂದ ಒಂದೇ ಕ್ರೈಸ್ತ ದೇವಾಲಯದಲ್ಲಿ, ಹೆಂಗಸರ ಕಡೆಯ ಒಂದೇ ಸಾಲಿನಲ್ಲಿ, ಒಂದೇ ಕಿಟಕಿಯ ಪಕ್ಕ ಕೂತವಳು ನಾನು. ಅಲ್ಲಿ ನನ್ನನ್ನು ಯಾರೂ ಯಾವತ್ತೂ ಹೊಸಬಳಾಗಿ ನೋಡಿದ್ದಿಲ್ಲ. ಹೊಸಬರ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ.

ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದರು. ಅಂಗಳದ ಹಿಮ ಸರಿಸುತ್ತಿದ್ದ ಅಳಿಯನ ಹತ್ತಿರ ನನ್ನ ವಿಚಾರ ಕೇಳಿ ತಿಳಿದುಕೊಂಡು, ಒಂದು ಶನಿವಾರ ಬಾಗಿಲು ತಟ್ಟಿದರು. "ನಾಳೆ ಹತ್ತೂವರೆಗೆ ನಮ್ಮ ಚರ್ಚಿನಲ್ಲಿ ಆರಾಧನೆ ಇದೆ. ನನ್ನ ಕಾರಿನಲ್ಲಿ ಜಾಗ ಇದೆ. ಮನಸ್ಸಾದರೆ ಬನ್ನಿ, ಬೇಡವೆನ್ನಿಸಿದರೆ ಅದೂ ಸರಿ" ಅಂದರು. ಹೂಂ ಅಂದುಬಿಟ್ಟೆ. ಆಮೇಲೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಏನು ಉಡುವುದು? ಚಪ್ಪಲಿ ಹೊರಗೆ ಬಿಡಬೇಕೋ? ತಲೆಯ ಮೇಲೆ ಸೆರಗು ಬೇಕೋ? ಮೊಣಕಾಲು ನೋವಿಗೆ ಎಲ್ಲರ ಜೊತೆ ಎದ್ದು ನಿಲ್ಲಲಾಗದಿದ್ದರೆ? ಕಾಣಿಕೆ ಎಷ್ಟು ಹಾಕಬೇಕು? ರೊಟ್ಟಿ, ದ್ರಾಕ್ಷಿರಸ ಹಂಚುವ ಕರ್ತನ ಭೋಜನ ಇದ್ದರೆ ನಾನು ಮುಂದೆ ಹೋಗಬಹುದೇ?

ಈಗ ಕರ್ನಾಟಕದ ಎಷ್ಟೋ ತಂದೆತಾಯಂದಿರು ಮಕ್ಕಳ ಮನೆಗೆಂದು ಆ ದೇಶಕ್ಕೆ ಹೋಗುತ್ತಾರೆ. ಓದಲು ಹೋದ ಹುಡುಗರಿದ್ದಾರೆ. ಅವರನ್ನೂ ನೆರೆಯವರೋ ಜೊತೆಯಲ್ಲಿ ಕೆಲಸ ಮಾಡುವವರೋ ಹೀಗೆಯೇ ಕರೆಯುತ್ತಾರೆ. ಕ್ರೈಸ್ತರಲ್ಲದವರನ್ನೂ ಕರೆಯುತ್ತಾರೆ. ನನ್ನ ಆ ರಾತ್ರಿಯ ಅಳುಕು ಅವರಿಗೆ ಬೇಡ ಅಂತ, ನಾನು ಕಂಡದ್ದನ್ನು, ಆಮೇಲೆ ಓದಿ ಕೇಳಿ ತಿಳಿದದ್ದನ್ನು ಹೇಳುತ್ತೇನೆ.

ಮೊದಲು ಅಜ್ಜಿಯ ಪ್ರೆಸ್ಬಿಟೇರಿಯನ್ ಚರ್ಚಿನ ಬಾಗಿಲ ಮೇಲಿನ ಹೆಸರು. ಪ್ರೆಸ್ಬಿಟೇರಿಯನ್ ಅನ್ನುವ ಮಾತು ಹುಟ್ಟಿದ್ದು ಗ್ರೀಕ್ ಭಾಷೆಯ 'ಪ್ರೆಸ್ಬುತೆರೊಸ್' ಎಂಬ ಪದದಿಂದ. ಅದರ ಅರ್ಥ ಹಿರಿಯ. ನಮ್ಮ ಸಭೆಗಳಲ್ಲಿ ಸಭಾಹಿರಿಯರು ಅನ್ನುತ್ತೇವಲ್ಲ, ಅದೇ. ಜಿನೀವಾದಲ್ಲಿ ಮತಸುಧಾರಕ ಕ್ಯಾಲ್ವಿನ್ ಕಟ್ಟಿದ, ಹಿರಿಯರು ಸಭೆ ನಡೆಸುವ ಈ ಪದ್ಧತಿಯನ್ನು ಜಾನ್ ನಾಕ್ಸ್ ಸ್ಕಾಟ್ಲೆಂಡಿಗೆ ತಂದ; 1560ರಲ್ಲಿ ಆ ದೇಶ ಪೋಪರ ಆಡಳಿತದಿಂದ ಹೊರಬಂದು ಸುಧಾರಿತ ಮತವನ್ನು ಹಿಡಿಯಿತು. ಅಲ್ಲಿಂದಲೂ ಐರ್ಲೆಂಡಿನಿಂದಲೂ ಹಡಗು ಹತ್ತಿದವರು ಅದನ್ನು ಅಮೆರಿಕಕ್ಕೆ ಒಯ್ದರು. ಈ ಸಭೆಗಳಿಗೆ ಬಿಷಪ್ ಇಲ್ಲ. ಸಭೆಯವರೇ ಹಿರಿಯರನ್ನು ಆರಿಸುತ್ತಾರೆ. ಸಭಾಪಾಲಕರೂ ಆ ಹಿರಿಯರೂ ಕೂಡಿದ ಮಂಡಳಿಗೆ ಸೆಷನ್ ಎಂದು ಹೆಸರು. ಸಭೆಯ ಆಡಳಿತವೆಲ್ಲ ಅವರದೇ. ಹಿರಿಯರು ಅಂದಕೂಡಲೇ ನರೆಗೂದಲು ನೆನೆಯಬೇಡಿ. ನಾನು ಹೋದ ಸಭೆಯಲ್ಲಿ ಹದಿನೇಳು ವರ್ಷದ ಹುಡುಗಿಯೊಬ್ಬಳು ಹಿರಿಯಳಾಗಿದ್ದಳು. ಬಾಗಿಲಲ್ಲಿ ನನ್ನ ಕೈಗೆ ಆರಾಧನಾ ಕ್ರಮದ ಹಾಳೆ ಕೊಟ್ಟವಳು ಅವಳೇ.

ಇನ್ನೊಂದು ಮಾತು. ಬೋರ್ಡಿನಲ್ಲಿ ಪ್ರೆಸ್ಬಿಟೇರಿಯನ್ ಅಂತ ಇದ್ದಮಾತ್ರಕ್ಕೆ ಎಲ್ಲವೂ ಒಂದೇ ಬಗೆಯವಲ್ಲ. ನಾನು ಹೇಳುತ್ತಿರುವುದು ಪ್ರೆಸ್ಬಿಟೇರಿಯನ್ ಚರ್ಚ್ ಯು.ಎಸ್.ಎ. ಎಂಬ ದೊಡ್ಡ ಪಂಗಡದ ಉದಾರ ಮನಸ್ಸಿನ ಸಭೆಗಳ ವಿಚಾರ. ಅಮೆರಿಕದ ಅಂತರ್ಯುದ್ಧದ ಹೊತ್ತಿನಲ್ಲಿ, ಗುಲಾಮಗಿರಿಯ ಜಗಳದಲ್ಲಿ, 1861ರಲ್ಲಿ ಉತ್ತರದವರೂ ದಕ್ಷಿಣದವರೂ ಬೇರೆಯಾದರು. ಮತ್ತೆ ಒಂದಾಗಲು 1983ರ ತನಕ ಬೇಕಾಯಿತು. ಒಡೆಯಲು ಒಂದು ವರ್ಷ, ಕೂಡಲು ನೂರಿಪ್ಪತ್ತೆರಡು ವರ್ಷ! ಈ ಪಂಗಡದ ಉತ್ತರದ ಶಾಖೆಯಲ್ಲಿ ಹೆಂಗಸರು ಹಿರಿಯರಾಗಬಹುದು ಎಂದು 1930ರಲ್ಲಿ, ಸಭಾಪಾಲಕರೂ ಆಗಬಹುದು ಎಂದು 1956ರಲ್ಲಿ ತೀರ್ಮಾನವಾಯಿತು. ಸಲಿಂಗ ಸಂಗಾತಿ ಇರುವವರಿಗೂ ಪಾಲಕರಾಗುವ ದಾರಿ 2011ರಲ್ಲಿ ತೆರೆಯಿತು. ಅಂಥವರ ಮದುವೆಗೆ ಸಭೆಯ ನಿಯಮದಲ್ಲೇ ಎಡೆ ಸಿಕ್ಕಿದ್ದು 2015ರಲ್ಲಿ. ಇದನ್ನೆಲ್ಲ ಒಪ್ಪದೆ ಬೇರೆ ಪಂಗಡ ಕಟ್ಟಿಕೊಂಡವರೂ ಪ್ರೆಸ್ಬಿಟೇರಿಯನ್ನರೇ. ಅವುಗಳಲ್ಲಿ ಕೆಲವು ಹೆಂಗಸರಿಗೆ ಪಾಲಕರ ದೀಕ್ಷೆ ಕೊಡುವುದಿಲ್ಲ. ಬಾಗಿಲಲ್ಲಿ ಕಾಮನಬಿಲ್ಲಿನ ಬಣ್ಣದ ಬಾವುಟ ಕಂಡರೆ, ಎಲ್ಲರಿಗೂ ಸ್ವಾಗತ ಎಂಬ ಬರಹದಲ್ಲಿ 'ಎಲ್ಲರಿಗೂ' ಎಂಬ ಮಾತು ದಪ್ಪ ಅಕ್ಷರದಲ್ಲಿದ್ದರೆ, ನಾನು ಹೇಳುವ ಸಭೆ ಅದು ಅಂತ ತಿಳಿಯಿರಿ.

ನಾನು ಕಂಚಿ ಬಣ್ಣದ ಇಳಕಲ್ ಸೀರೆ ಉಟ್ಟು, ಮೇಲೊಂದು ದಪ್ಪ ಕೋಟು ಹಾಕಿ ಹೋದೆ. ಒಬ್ಬರು ಸೂಟಿನಲ್ಲಿದ್ದರು, ಅವರ ಪಕ್ಕದವರು ಜೀನ್ಸಿನಲ್ಲಿ. ಚಪ್ಪಲಿ ಯಾರೂ ಬಿಡುವುದಿಲ್ಲ. ಗಂಡು ಹೆಣ್ಣು ಎಂಬ ಸಾಲು ಭೇದವಿಲ್ಲ. ಹಿಂದಿನ ಬೆಂಚಿನಲ್ಲಿ ಕೂತರೆ ಯಾರೂ ಮುಂದಕ್ಕೆ ಎಳೆಯುವುದಿಲ್ಲ. ಬೆಂಚಿನ ಬೆನ್ನಿಗೆ ಸಿಕ್ಕಿಸಿದ ಗೀತಪುಸ್ತಕ ಇರುತ್ತದೆ, ಸತ್ಯವೇದ ಇರುತ್ತದೆ. ಹೆಸರು, ವಿಳಾಸ ಬರೆಯುವ ಪುಸ್ತಕವೊಂದು ಸಾಲಿನಲ್ಲಿ ಕೈಯಿಂದ ಕೈಗೆ ಬರುತ್ತದೆ. ಬರೆದರೆ ಆ ವಾರವೇ ಒಂದು ಕಾಗದವೋ ಮಿಂಚಂಚೆಯೋ ಬರುತ್ತದೆ. ಬೇಡವಾದರೆ ಹಾಗೆಯೇ ಪಕ್ಕಕ್ಕೆ ದಾಟಿಸಿ.

ಗೋಡೆಗಳನ್ನು ನೋಡಿ ನನಗೆ ತವರು ಕಂಡಹಾಗಾಯಿತು. ವಿಗ್ರಹವಿಲ್ಲ, ಅಲಂಕಾರ ಕಡಿಮೆ. ಒಂದು ಪ್ರಸಂಗ ಪೀಠ, ಒಂದು ಮೇಜು, ದೀಕ್ಷಾಸ್ನಾನದ ನೀರಿನ ತೊಟ್ಟಿ. ಆ ಮೇಜನ್ನು ಅವರು ಬಲಿಪೀಠ ಅನ್ನುವುದಿಲ್ಲ, ಮೇಜು ಅಂತಲೇ ಅನ್ನುತ್ತಾರೆ. ಊಟಕ್ಕೆ ಕರೆಯುವ ಜಾಗ ಅದು.

ಹತ್ತೂವರೆ ಅಂದರೆ ಹತ್ತೂವರೆಗೇ ಆರ್ಗನ್ ನುಡಿಯಿತು. ಪಾಲಕಿ ಬಂದರು, ನಲವತ್ತರ ಆಸುಪಾಸಿನ ಹೆಂಗಸು. ಮೈಮೇಲೆ ಕಪ್ಪು ನಿಲುವಂಗಿ, ಕೊರಳಲ್ಲಿ ಇಳಿಬಿಟ್ಟ ಬಣ್ಣದ ಪಟ್ಟಿ. ಆರಾಧನಾ ಕ್ರಮದ ಹಾಳೆಯಲ್ಲಿ ಏನು ಹಾಡುವುದು, ಏನು ಹೇಳುವುದು, ಎಲ್ಲಿ ಏಳುವುದು ಎಲ್ಲವೂ ಅಚ್ಚಾಗಿರುತ್ತದೆ. ದಪ್ಪ ಅಕ್ಷರದ್ದು ಸಭೆ ಹೇಳಬೇಕಾದದ್ದು. ನಕ್ಷತ್ರದ ಗುರುತು ಇದ್ದಲ್ಲಿ ಏಳಬೇಕು. ಆಗ ಪಾಲಕಿ ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ: "ದೇಹದಿಂದಲೋ ಮನಸ್ಸಿನಿಂದಲೋ ಎದ್ದು ನಿಲ್ಲಿ." ಅಂಥ ಸಭೆಗಳಲ್ಲಿ ಇದು ವಾಡಿಕೆಯ ಮಾತೇ ಅಂತ ಆಮೇಲೆ ತಿಳಿಯಿತು. ಆದರೆ ಮೊಣಕಾಲು ಹಿಡಿದುಕೊಂಡು ಕೂತಿದ್ದ ನನಗೆ ಅದನ್ನು ನನಗಾಗಿಯೇ ಹೇಳಿದಂತಿತ್ತು. ಗಾಲಿಕುರ್ಚಿಯಲ್ಲಿದ್ದ ಒಬ್ಬರು ನನ್ನ ಕಡೆ ನೋಡಿ ತಲೆಯಾಡಿಸಿದರು. ನಾವಿಬ್ಬರೂ ಮನಸ್ಸಿನಿಂದ ನಿಂತೆವು.

ಮೊದಲ ಗೀತದ ನಂತರ ಪಾಪದ ಅರಿಕೆ. ಅದನ್ನು ಒಬ್ಬೊಬ್ಬರೇ ಯಾರ ಕಿವಿಯಲ್ಲೂ ಹೇಳುವುದಿಲ್ಲ, ಎಲ್ಲರೂ ಕೂಡಿ ಓದುತ್ತಾರೆ. ಆ ದಿನದ ಅರಿಕೆಯಲ್ಲಿ ಕೋಪ, ಸುಳ್ಳುಗಳ ಜೊತೆಗೆ, ಬಡವರ ದುಡಿಮೆಯ ಮೇಲೆ ನಮ್ಮ ಸುಖ ನಿಂತಿದೆ, ಬಣ್ಣ ನೋಡಿ ಮನುಷ್ಯರನ್ನು ಅಳೆದಿದ್ದೇವೆ, ಭೂಮಿಯನ್ನು ಕೆಡಿಸಿದ್ದೇವೆ ಅನ್ನುವ ಮಾತುಗಳೂ ಇದ್ದವು. ಆಮೇಲೆ ಒಂದು ಮೌನ. ಪಾಲಕಿ ತೊಟ್ಟಿಯ ಬಳಿ ಹೋಗಿ, ಹೂಜಿಯಿಂದ ನೀರನ್ನು ಎತ್ತರದಿಂದ ಸುರಿಯುತ್ತ, ಕ್ಷಮೆ ಸಿಕ್ಕಿದೆ ಎಂದು ಸಾರಿದರು. ಆ ಮೌನದಲ್ಲಿ ನೀರು ಬೀಳುವ ಸದ್ದು ಇಡೀ ಕೋಣೆಗೆ ಕೇಳಿಸಿತು.

ಅದಾದ ಕೂಡಲೇ ಎಲ್ಲರೂ ಒಬ್ಬರಿಗೊಬ್ಬರು ತಿರುಗಿ ಕೈ ಚಾಚಿದರು. ಸಮಾಧಾನ ನಿಮ್ಮೊಂದಿಗಿರಲಿ ಅನ್ನುತ್ತಾರೆ, ನಿಮ್ಮೊಂದಿಗೂ ಇರಲಿ ಎಂದು ಉತ್ತರ. ಹೊಸಬರು ಹೆಚ್ಚು ಅಂಜುವ ಗಳಿಗೆ ಇದು. ಜನ ಬೆಂಚು ಬಿಟ್ಟು ಓಡಾಡುತ್ತಾರೆ, ಅಪ್ಪಿಕೊಳ್ಳುತ್ತಾರೆ. ಕೈ ಕುಲುಕಲು ಇಷ್ಟವಿಲ್ಲದವರು ಕೈ ಮುಗಿದರೂ ಸಾಕು, ಅವರೂ ಮುಗಿಯುತ್ತಾರೆ. ಆದರೆ ನಾನು ಅಂಜಲಿಲ್ಲ. ಆ ಗಳಿಗೆಯಲ್ಲಿ ನನ್ನ ಕಣ್ಣು ತುಂಬಿತು. ಏಕೆಂದರೆ ಇದು ನಮ್ಮದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್ನರು, ಮೆಥೋಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲ್ ಸಭೆಯವರು ಕೂಡಿ ದಕ್ಷಿಣ ಭಾರತ ಸಭೆಯಾದರು, ನಾವು ಸಿ.ಎಸ್.ಐ. ಅನ್ನುವುದು ಅದನ್ನೇ. ಬಿಷಪ್ಪರೇ ಇಲ್ಲದ ಪಂಗಡದಿಂದ ಬಂದ ಸ್ಕಾಟ್ಲೆಂಡಿನ ಸಭೆಯ ಪಾದ್ರಿ ಲೆಸ್ಲಿ ನ್ಯೂಬಿಗಿನ್ ಆ ಸಭೆಯ ಮೊದಲ ಬಿಷಪ್ಪರಲ್ಲಿ ಒಬ್ಬರಾದರು. ಬಿಷಪ್ಪರಿದ್ದ ಪಂಗಡದವರು ತಮ್ಮ ಪಾದ್ರಿಗಳನ್ನು ಪ್ರೆಸ್ಬಿಟರ್ ಎಂದು ಕರೆಯಲು ಒಪ್ಪಿದರು. ನಮ್ಮ ಪಾಲಕರಿಗೆ ಇಂದಿಗೂ ಅದೇ ಹೆಸರು. ಬೆಂಗಳೂರಿನ ಕಬ್ಬನ್ ರಸ್ತೆಯಲ್ಲಿ ಗಡಿಯಾರದ ಗೋಪುರವಿರುವ ಕೆಂಪು ಸೇಂಟ್ ಆಂಡ್ರೂಸ್ ಚರ್ಚನ್ನು ನೋಡಿರುತ್ತೀರಿ. ಸ್ಕಾಟ್ ಜನ ತಮ್ಮ ಪ್ರೆಸ್ಬಿಟೇರಿಯನ್ ಆರಾಧನೆಗೆಂದು 1860ರ ದಶಕದಲ್ಲಿ ಕಟ್ಟಿಸಿದ ಆ ದೇವಾಲಯವೂ ಈಗ ಸಿ.ಎಸ್.ಐ.ಗೆ ಸೇರಿದೆ. ಹೀಗೆ ಒಂದಾದವರಿಗೆ ಒಂದು ಪೂಜಾಕ್ರಮ ಬೇಕಾಯಿತು. 1950ರಲ್ಲಿ ಹೊರಬಂದ ಕರ್ತನ ಭೋಜನದ ಕ್ರಮದಲ್ಲಿ, ಕೇರಳದ ಸಿರಿಯನ್ ಕ್ರೈಸ್ತರು ಶತಮಾನಗಳಿಂದ ಉಳಿಸಿಕೊಂಡಿದ್ದ ಒಂದು ಆಚಾರವನ್ನು ಸೇರಿಸಿದರು. ಸಮಾಧಾನವನ್ನು ಕೈಯಿಂದ ಕೈಗೆ ಕೊಡುವುದು. ಪಾಶ್ಚಾತ್ಯ ಪ್ರಾಟೆಸ್ಟಂಟರಲ್ಲಿ ಅದು ಬಹುಮಟ್ಟಿಗೆ ಮರೆತೇ ಹೋಗಿತ್ತು. ಮುಂದಿನ ದಶಕಗಳಲ್ಲಿ ಅಲ್ಲಿಯ ಸಭೆಗಳು ತಮ್ಮ ಪೂಜಾಕ್ರಮಗಳನ್ನು ಹೊಸದಾಗಿ ಬರೆಯುವಾಗ ನಮ್ಮ ಈ ಕ್ರಮವನ್ನು ಮುಂದಿಟ್ಟುಕೊಂಡು ಕಲಿತವು. ಮಿಷನರಿಗಳು ತಂದುಕೊಟ್ಟದ್ದರ ಪಟ್ಟಿಯನ್ನು ನಾವು ಚಿಕ್ಕಂದಿನಿಂದ ಓದಿದ್ದೇವೆ. ಇಲ್ಲಿಂದ ಅಲ್ಲಿಗೆ ಹೋದದ್ದನ್ನು ನಮ್ಮ ಮಕ್ಕಳಿಗೆ ಯಾರೂ ಹೇಳಿಲ್ಲ. ಅದಕ್ಕೇ ಇಷ್ಟು ಹೊತ್ತು ಇಲ್ಲಿ ನಿಂತೆ.

ಮತ್ತೆ ಬೆಂಚಿಗೆ ಬರೋಣ. ಮಕ್ಕಳನ್ನು ಮುಂದೆ ಕರೆದು, ಮೆಟ್ಟಿಲ ಮೇಲೆ ಕೂರಿಸಿ, ಎರಡು ನಿಮಿಷ ಮಾತಾಡುತ್ತಾರೆ. ಕೂಸು ಅತ್ತರೆ ಯಾರೂ ಹುಬ್ಬು ಗಂಟಿಕ್ಕುವುದಿಲ್ಲ. ಸತ್ಯವೇದದ ಪಾಠಗಳು ಹೆಚ್ಚಿನ ಸಭೆಗಳಲ್ಲಿ ಮೂರು ವರ್ಷಕ್ಕೊಮ್ಮೆ ಸುತ್ತು ಬರುವ ಪಟ್ಟಿಯ ಪ್ರಕಾರ. ಪ್ರಸಂಗ ಹದಿನೈದು, ಇಪ್ಪತ್ತು ನಿಮಿಷ. ಬಂದೂಕು, ವಲಸೆ ಬಂದವರ ಪಾಡು, ಜನಾಂಗ ದ್ವೇಷ ಎಲ್ಲವೂ ಪೀಠದಿಂದ ಬರುತ್ತವೆ. ಆ ದಿನ ಪಾಲಕಿ ಒಂದು ಪಾಠ ಓದಿ, "ಈ ಮಾತಿನ ಜೊತೆ ನಾನು ಇಪ್ಪತ್ತು ವರ್ಷದಿಂದ ಗುದ್ದಾಡುತ್ತಿದ್ದೇನೆ, ಇನ್ನೂ ನನಗೆ ಪೂರ್ತಿ ತಿಳಿದಿಲ್ಲ" ಅಂದರು. ಪೀಠದ ಮೇಲಿಂದ ಅಂಥ ಮಾತು ನಾನು ಕೇಳಿದ್ದು ಅದೇ ಮೊದಲು. ಅವರ ಮೇಲಿನ ನಂಬಿಕೆ ನನಗೆ ಅದರಿಂದ ಹೆಚ್ಚಾಯಿತು.

ಸಂಶಯಪಡುವುದಕ್ಕೆ ಅಲ್ಲಿ ಎಡೆ ಇದೆ, ಆದರೆ ನಂಬಿಕೆ ಹಗುರವಲ್ಲ. ಅವರು ಒಪ್ಪಿಕೊಂಡ ನಂಬಿಕೆಯ ಪ್ರಮಾಣಗಳನ್ನೆಲ್ಲ ಒಂದು ಪುಸ್ತಕವಾಗಿ ಕಟ್ಟಿದ್ದಾರೆ. ಅದರಲ್ಲಿ ಹಿಟ್ಲರನ ಕಾಲದಲ್ಲಿ, 1934ರಲ್ಲಿ, ಜರ್ಮನಿಯ ಬಾರ್ಮೆನ್ ಎಂಬಲ್ಲಿ ಮಾಡಿದ ಘೋಷಣೆ ಇದೆ. ದಕ್ಷಿಣ ಆಫ್ರಿಕದ ವರ್ಣಭೇದದ ನಡುವೆ ಅಲ್ಲಿಯ ಮಿಶ್ರ ಜನಾಂಗದ ಕ್ರೈಸ್ತರಿಂದ ಬಂದ ಬೆಲ್ಹಾರ್ ಪ್ರಮಾಣವನ್ನು 2016ರಲ್ಲಿ ಸೇರಿಸಿದ್ದಾರೆ. ಯಾವ ಭಾನುವಾರ ಇವುಗಳಲ್ಲಿ ಯಾವ ತುಣುಕನ್ನು ಓದುತ್ತಾರೆ ಎಂಬುದು ಹಾಳೆಯಲ್ಲಿರುತ್ತದೆ. ನಿಮಗೆ ಒಪ್ಪಿಗೆಯಾಗದ ಮಾತನ್ನು ಹೇಳದೆ ಸುಮ್ಮನಿರಬಹುದು, ನಿಮ್ಮ ತುಟಿಯನ್ನು ಯಾರೂ ನೋಡುತ್ತಿರುವುದಿಲ್ಲ. ಕರ್ತನ ಪ್ರಾರ್ಥನೆಯಲ್ಲಿ ಮಾತ್ರ ಒಂದು ಕಡೆ ನಾನು ಎಡವಿದೆ. ನಾವು ತಪ್ಪು ಅನ್ನುವ ಕಡೆ ಪ್ರೆಸ್ಬಿಟೇರಿಯನ್ನರು ಸಾಲ ಅನ್ನುತ್ತಾರೆ. ನಮ್ಮ ಸಾಲಗಳನ್ನು ಮನ್ನಾ ಮಾಡು ಅಂತ ಬೇಡುವುದು. ಸಾಲ ಎಂದರೇನು ಅಂತ ಬಲ್ಲ ರೈತರ ನಾಡಿನಿಂದ ಹೋದವಳಿಗೆ ಆ ಪದ ಬೇರೆಯಾಗಿಯೇ ತಟ್ಟಿತು.

ಪ್ರಾರ್ಥನೆಯ ಹೊತ್ತಿಗೆ ನಿಮ್ಮ ಸಂತೋಷ, ದುಃಖಗಳನ್ನು ಹೇಳಿ ಎಂದು ಪಾಲಕಿ ಕೇಳಿದರು. ಒಬ್ಬರು ಕ್ಯಾನ್ಸರ್ ಅಂದರು. ಒಬ್ಬ ಹುಡುಗ ತನ್ನ ನಾಯಿ ಸತ್ತದ್ದನ್ನು ಹೇಳಿದ. ನನ್ನ ನೆರೆಯ ಅಜ್ಜಿ ಎದ್ದು ನಿಂತು, "ನನ್ನ ಪಕ್ಕದ ಮನೆಯಲ್ಲಿ ಒಂದು ಹೆಣ್ಣು ಕೂಸು ಹುಟ್ಟಿದೆ. ಅದರ ಅಜ್ಜಿ ಭಾರತದಿಂದ ಬಂದಿದ್ದಾರೆ" ಅಂದರು. ನನ್ನ ಮೊಮ್ಮಗಳಿಗಾಗಿ ಪರ ಊರಿನ ನೂರು ಜನ ತಲೆ ಬಾಗಿಸಿದರು.

ಕಾಣಿಕೆ ತಟ್ಟೆ ಬಂದಾಗ ಹಾಕಲೇಬೇಕೆಂದಿಲ್ಲ. ಬಂದವರಿಂದ ಅದನ್ನು ಯಾರೂ ಎದುರುನೋಡುವುದಿಲ್ಲ. ಸದಸ್ಯರಲ್ಲೇ ಅನೇಕರು ಈಗ ಫೋನಿನಲ್ಲಿ ಕಳಿಸುತ್ತಾರೆ. ಕರ್ತನ ಭೋಜನ ಹಲವು ಸಭೆಗಳಲ್ಲಿ ತಿಂಗಳ ಮೊದಲ ಭಾನುವಾರ. ರೊಟ್ಟಿ, ಹೆಚ್ಚಿನ ಕಡೆ ಹುಳಿಹಿಡಿಯದ ದ್ರಾಕ್ಷಿರಸ. ಗೋದಿ ಒಗ್ಗದವರಿಗೆ ಬೇರೆ ರೊಟ್ಟಿ. ಈ ಮೇಜು ನಮ್ಮದಲ್ಲ, ಕರ್ತನದು, ಬಯಸುವ ಯಾರೇ ಬರಬಹುದು ಎಂದು ಪಾಲಕಿ ಹೇಳಿದರು. ಬೇಡವೆಂದವರು ಕೂತಲ್ಲೇ ಇದ್ದರೆ ಅದಕ್ಕೂ ಗೌರವವಿದೆ. ನಾನು ಹೋದೆ. ರೊಟ್ಟಿ ಮುರಿದು ಕೊಟ್ಟವರು ಅಲ್ಲಿಯ ಒಬ್ಬ ಹಿರಿಯರು. ಅವರ ಗಂಡ ಬಟ್ಟಲು ಹಿಡಿದು ಪಕ್ಕದಲ್ಲಿ ನಿಂತಿದ್ದರು. ಹೌದು, ಇಬ್ಬರೂ ಗಂಡಸರು. ನಮ್ಮ ಊರಿನ ಕಣ್ಣಿಗೆ ಇದು ಹೊಸತು, ಒಂದು ಕ್ಷಣ ನನ್ನ ಕಾಲು ನಿಂತಿತು. ಆಮೇಲೆ ಕೈ ನೀಡಿದೆ. ನಮ್ಮಲ್ಲಿಯೂ ಮನೆಯಿಂದ ಹೊರಗೆ ಹಾಕಿಸಿಕೊಂಡ ಮಕ್ಕಳಿದ್ದಾರೆ, ಅವರಿಗೆ ಇಂಥದೊಂದು ಮೇಜು ಎಲ್ಲಿದೆ ಎಂದು ಆ ರಾತ್ರಿ ಬಹಳ ಹೊತ್ತು ಯೋಚಿಸಿದೆ.

ಆರಾಧನೆ ಒಂದು ಗಂಟೆಯೊಳಗೆ ಮುಗಿಯುತ್ತದೆ. ಆಮೇಲೆ ಕೆಳಗಿನ ಕೋಣೆಯಲ್ಲಿ ಕಾಫಿ, ಬಿಸ್ಕತ್ತು. ದಯವಿಟ್ಟು ಇದನ್ನು ತಪ್ಪಿಸಬೇಡಿ. ಗೋಡೆಗೆ ಒರಗಿದ ಪೆಟ್ಟಿಗೆಗಳಲ್ಲಿ ಹಸಿದವರಿಗೆ ಹಂಚುವ ಡಬ್ಬಿ ಆಹಾರ, ಗೋಡೆಯ ಮೇಲೆ ಯಾರ ಸರದಿ ಯಾವಾಗ ಎಂಬ ಪಟ್ಟಿ. ಆ ಸಭೆ ಏನು ಎಂಬುದು ಅಲ್ಲಿ ಕಾಣುತ್ತದೆ. ನಿಮ್ಮನ್ನು ಮತಾಂತರ ಮಾಡುತ್ತಾರೆಯೇ ಎಂಬ ಅನುಮಾನ ಕೆಲವು ಕೇಳುಗರಿಗೆ ಇರಬಹುದು. ಐದು ತಿಂಗಳಲ್ಲಿ ನಿನ್ನ ದೇವರು ಯಾರು ಎಂದು ನನ್ನನ್ನು ಒಬ್ಬರೂ ಪರೀಕ್ಷೆ ಮಾಡಲಿಲ್ಲ. ನನ್ನ ಅಳಿಯ ಹಿಂದೂ. ಒಮ್ಮೆ ಬಂದ, ಕಾಫಿ ಕುಡಿದ, ಹೆಪ್ಪುಗಟ್ಟಿದ ನೀರಿನ ಕೊಳವೆ ಸರಿಮಾಡುವುದು ಹೇಗೆ ಅಂತ ಒಬ್ಬರಿಂದ ಕೇಳಿಕೊಂಡು ಮನೆಗೆ ಬಂದ. ಸದಸ್ಯರಾಗಬೇಕೆಂದರೆ ಅದಕ್ಕೆ ಬೇರೆ ಪಾಠಗಳಿವೆ, ಹಿರಿಯರ ಮಂಡಳಿ ಒಪ್ಪಬೇಕು. ಆಗದೆಯೂ ವರ್ಷಗಟ್ಟಲೆ ಬರಬಹುದು. ವಾಷಿಂಗ್ಟನ್ನಿನಲ್ಲಿ ಶ್ವೇತಭವನಕ್ಕೆ ಹತ್ತಿರದ ನ್ಯೂಯಾರ್ಕ್ ಅವೆನ್ಯೂ ಪ್ರೆಸ್ಬಿಟೇರಿಯನ್ ಚರ್ಚಿಗೆ ಅಬ್ರಹಾಂ ಲಿಂಕನ್ ಅಧ್ಯಕ್ಷರಾಗಿದ್ದಾಗ ಹೋಗುತ್ತಿದ್ದರು. ಅವರು ಕೂರುತ್ತಿದ್ದ ಬೆಂಚು ಈಗಲೂ ಅಲ್ಲಿದೆ. ಅವರು ಕೊನೆಯ ತನಕ ಯಾವ ಸಭೆಯ ಸದಸ್ಯರೂ ಆಗಲಿಲ್ಲ.

ಒಂದು ನೋವಿನ ಮಾತನ್ನೂ ಮುಚ್ಚಿಡಬಾರದು. 1983ರಲ್ಲಿ ಈ ಪಂಗಡದ ಸದಸ್ಯರು ಮೂವತ್ತು ಲಕ್ಷದ ಮೇಲಿದ್ದರು. ಈಗ ಹನ್ನೆರಡು ಲಕ್ಷವೂ ಇಲ್ಲ. ಬಂದವರಲ್ಲಿ ಹೆಚ್ಚಿನವರು ವಯಸ್ಸಾದವರು, ಹೆಚ್ಚಿನವರು ಬಿಳಿಯರು. ಖಾಲಿ ಬೆಂಚುಗಳನ್ನು ಕಂಡರೆ ಗಾಬರಿಯಾಗಬೇಡಿ. ನಿಮ್ಮನ್ನು ಕಂಡು ಅವರ ಮುಖ ಅಷ್ಟು ಅರಳುವುದಕ್ಕೆ ಅದೂ ಒಂದು ಕಾರಣ. ನನಗಂತೂ ಆ ಮುಖಗಳ ಮೇಲೆ ಮಮತೆ ಹುಟ್ಟಿತು.

ನನ್ನ ಕೊನೆಯ ಭಾನುವಾರ ಬೇಸಿಗೆಯ ಮೊದಲ ದಿನಗಳಲ್ಲಿ ಬಂತು. ಸಮಾಧಾನದ ಆಚಾರದ ಕಥೆಯನ್ನು ಕಾಫಿಯ ಹೊತ್ತಿನಲ್ಲಿ ಅಜ್ಜಿಗೆ ಹೇಳಿದ್ದೆ, ಅವರು ಪಾಲಕಿಗೆ ಹೇಳಿದ್ದರು. ಆ ದಿನ ಕ್ಷಮೆಯ ಮಾತು ಮುಗಿದ ಮೇಲೆ ಪಾಲಕಿ ನನ್ನನ್ನು ಮುಂದೆ ಕರೆದು, "ನಿಮ್ಮ ಊರಿನಲ್ಲಿ ಹೇಗೋ ಹಾಗೆ ನಮಗೆ ಕೊಡಿ" ಅಂದರು. ನಮ್ಮಲ್ಲಿ ಕೈ ಕುಲುಕುವುದಿಲ್ಲ. ಬಲಗೈಗೆ ಬಲಗೈ ಸೇರಿಸಿ, ಎಡಗೈಯನ್ನು ಎದುರಿನವರ ಕೈಮೇಲೆ ಮುಚ್ಚುತ್ತೇವೆ. ಪಾಲಕಿಗೆ ಹಾಗೆ ಕೊಟ್ಟೆ. ಅವರು ಮೊದಲ ಬೆಂಚಿನ ಹದಿನೇಳರ ಹಿರಿಯಳಿಗೆ ಕೊಟ್ಟರು. ಅವಳಿಂದ ಪಕ್ಕದವರಿಗೆ, ಗಾಲಿಕುರ್ಚಿಯವರಿಗೆ, ಆ ಗಂಡಸರಿಬ್ಬರಿಗೆ. ಯಾರೂ ಓಡಾಡಲಿಲ್ಲ, ಮಾತಾಡಲಿಲ್ಲ. ಒಂದು ಸಾಲು ಮುಗಿದು ಇನ್ನೊಂದು ಸಾಲಿಗೆ ಕೈಗಳು ದಾಟುತ್ತ ಹೋದವು. ನಾನು ನನ್ನ ಜಾಗಕ್ಕೆ ವಾಪಸು ಬಂದು ಕೂತೆ. ಕೊನೆಗೆ ಅದು ಹಿಂದಿನ ಬೆಂಚನ್ನು ಮುಟ್ಟಿ, ಸುತ್ತಿ, ಅಜ್ಜಿಯ ಹತ್ತಿರ ಬಂತು. ಅವರು ನನ್ನ ಕಡೆ ತಿರುಗಿ, ತಮ್ಮ ತಣ್ಣನೆಯ ಎರಡು ಕೈಗಳ ನಡುವೆ ನನ್ನ ಕೈ ತೆಗೆದುಕೊಂಡರು.